ಬೂದು ಕೋಟಿನ ಜೇಬು

ಮೆಟ್ಟಿಲ ಕೆಳಗೆ, ನೆಟ್ಟಗೆ ನಿಂತರೆ ತಲೆ ತಾಗುವಂಥ ಜಾಗದಲ್ಲಿ ಇಸ್ತ್ರಿ ಅಕ್ಕನ ಅಂಗಡಿ. ಅಂಗಡಿಯೆಂದರೆ ಒಂದು ಉದ್ದನೆಯ ಮೇಜು, ಅದರ ಮೇಲೆ ಮಡಿಸಿ ಹಾಸಿದ ಕಂಬಳಿ, ಕಂಬಳಿಯ ಮೇಲೆ ಬಿಗಿದು ಕಟ್ಟಿದ ಬಿಳಿ ಬಟ್ಟೆ, ತೂಗುಹಾಕಲು ಗೋಡೆಯಿಂದ ಗೋಡೆಗೆ ಒಂದು ಕಬ್ಬಿಣದ ಸರಳು, ಗಿರಾಕಿ ಕೂರಲು ಒಂದು ಸ್ಟೂಲು. ಮೇಜಿನ ಹಿಂದೆ ಪರದೆ. ಪರದೆಯ ಹಿಂದೆ ಅವಳ ಮನೆ. ಅದೂ ಒಂದು ಕೋಣೆಯೇ. ಕಿಟಕಿ ಇರಬೇಕಾದ ಕಡೆ ಕಟ್ಟಡದವರು ನೀರಿನ ಪೈಪುಗಳನ್ನು ಇಳಿಸಿದ್ದರು. ಒಬ್ಬಳೇ ಇರುವವಳಿಗೆ ಅಷ್ಟು ಸಾಕಾಗಿತ್ತು. ಇಸ್ತ್ರಿ ಪೆಟ್ಟಿಗೆಯಿಂದ ಬುಸ್ಸೆಂದು ಏಳುವ ಹಬೆ ಪರದೆ ದಾಟಿ ಹಾಸಿಗೆಯವರೆಗೂ ಹೋಗುತ್ತಿತ್ತು. ಚಳಿಗಾಲದಲ್ಲಿ ಅದು ಅವಳಿಗೆ ಹಿತವೇ ಆಗಿತ್ತು.

ಅವಳಿಗೆ ಜನರ ಹೆಸರು ನೆನಪಿರುತ್ತಿರಲಿಲ್ಲ, ಬಟ್ಟೆ ನೆನಪಿರುತ್ತಿತ್ತು. ಮೊದಲ ಮಹಡಿಯ ಬಸ್ ಡ್ರೈವರ್ ಅವಳ ಪಾಲಿಗೆ ಚೌಕಳಿ. "ಏ ಚೌಕಳಿ, ತೋಳು ಮತ್ತೆ ಹರ್ಕೊಂಡಿದ್ದೀಯ, ಬಸ್ಸನ್ನ ಓಡಿಸ್ತೀಯೋ ಎಳೀತೀಯೋ?" ಎಂದರೆ ಅವನೂ ನಕ್ಕು ಓಗೊಡುತ್ತಿದ್ದ. ಎರಡನೆಯ ಮಹಡಿಯ ನರ್ಸಮ್ಮ ಬಿಳಿ ಕಾಲರು. ಮೂರನೆಯ ಮಹಡಿಯ ಮೇಷ್ಟ್ರನ್ನು ಮಾತ್ರ ಮೇಷ್ಟ್ರು ಎಂದೇ ಕರೆಯುತ್ತಿದ್ದಳು. ಕೆಲಸ ಬಿಟ್ಟು ವರ್ಷಗಳಾದರೂ ಪ್ಯಾಂಟಿನ ಗೆರೆ ಚಾಕುವಿನ ಅಲಗಿನಂತಿರಬೇಕೆಂದು ಬಯಸುತ್ತಿದ್ದ ಮನುಷ್ಯ ಅವರೊಬ್ಬರೇ.

ಇಸ್ತ್ರಿ ಮಾಡುವವರು ಬಟ್ಟೆಗೆ ಬಿಸಿ ತಾಗಿಸುವ ಮುಂಚೆ ಜೇಬಿಗೆ ಕೈ ಹಾಕಲೇಬೇಕು. ಒಂದು ಪೆನ್ನು ಒಳಗೆ ಉಳಿದರೆ ಅಂಗಿಯೂ ಹೋಯಿತು, ಮೇಜಿನ ಬಟ್ಟೆಯೂ ಹೋಯಿತು, ಆಮೇಲೆ ಬರುವ ಹತ್ತಾರು ಅಂಗಿಗಳಿಗೂ ಮಸಿ ಹತ್ತಿತು. ಅವಳಿಗೆ ಈ ಕೆಲಸ ಕಲಿಸಿದ ಅಮ್ಮ ಕೈ ಹಾಕುವುದನ್ನೂ ಕಲಿಸಿದ್ದಳು, ಕೈ ಹಾಕಿದ್ದನ್ನು ಮರೆಯುವುದನ್ನೂ ಕಲಿಸಿದ್ದಳು. ಸಿಕ್ಕಿದ್ದನ್ನು ಪಕ್ಕಕ್ಕಿಡು, ಬಟ್ಟೆ ತಣ್ಣಗಾದ ಮೇಲೆ ಅದೇ ಜೇಬಿಗೆ ಹಾಕು, ಗಿರಾಕಿಯ ಮುಂದೆ ತುಟಿ ಬಿಚ್ಚಬೇಡ. ಹಾಗಾಗಿ ಚೌಕಳಿ ಹೆಂಡತಿಗೆ ತಿಳಿಯದಂತೆ ಬೀಡಿ ಸೇದುತ್ತಾನೆಂದು ಅವಳಿಗೆ ಗೊತ್ತಿತ್ತು. ನರ್ಸಮ್ಮನ ಜೇಬಿನಲ್ಲಿ ಒಂದು ಉಂಗುರ ಇರುತ್ತದೆ, ಅದು ಎಂದೂ ಬೆರಳಿಗೆ ಏರುವುದಿಲ್ಲ ಎಂದೂ ಗೊತ್ತಿತ್ತು. ಮೇಷ್ಟ್ರ ಪ್ಯಾಂಟಿನಲ್ಲಿ ಸೀಮೆಸುಣ್ಣದ ತುಂಡು ಮತ್ತು ಎದೆನೋವಿನ ಮಾತ್ರೆ. ಕಟ್ಟಡದ ಒಳಗುಟ್ಟೆಲ್ಲ ಅವಳ ಬೆರಳ ತುದಿಯಲ್ಲಿತ್ತು. ನಾಲಿಗೆಯ ತುದಿಗೆ ಒಂದೂ ಬಂದಿರಲಿಲ್ಲ.

ಅವಳಿಗೆ ತನ್ನವರು ಎಂದು ಇದ್ದದ್ದು ಒಬ್ಬ ತಂಗಿ, ತಂಗಿಯ ಮಗಳು. ತಂಗಿ ಮೂರು ಬೀದಿ ಆಚೆಯ ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದಳು. ಗಂಡ ಲಾರಿ ಅಪಘಾತದಲ್ಲಿ ಹೋದ ಮೇಲೆ ಬೇಕರಿಯ ಯಜಮಾನ ಒಲೆಮನೆಯ ಹಿಂದಿನ ಕೋಣೆಯನ್ನು ಬಿಟ್ಟುಕೊಟ್ಟಿದ್ದ. ಕೋಣೆಗೆ ಬಾಡಿಗೆ ಇರಲಿಲ್ಲ, ಗಾಳಿಯೂ ಇರಲಿಲ್ಲ. ಹಿಟ್ಟಿನ ಧೂಳು ದಿಂಬಿನ ಮೇಲೆ, ತಟ್ಟೆಯ ಮೇಲೆ, ಮಗುವಿನ ರೆಪ್ಪೆಯ ಮೇಲೆ. ಮಗುವಿಗೆ ಗುಂಡಿ ಎಂದು ಹೆಸರಿಟ್ಟವಳು ದೊಡ್ಡಮ್ಮನೇ. ಅಂಗಡಿಗೆ ಬಂದಾಗಲೆಲ್ಲ ಕಿತ್ತುಬಿದ್ದ ಅಂಗಿ ಗುಂಡಿಗಳನ್ನು ಹೆಕ್ಕಿ ಮುಷ್ಟಿಯಲ್ಲಿ ಹಿಡಿದು ಕೂರುತ್ತಿತ್ತು. ನಕ್ಕರೂ ಅತ್ತರೂ ಕೊನೆಗೆ ಕೆಮ್ಮೇ ಬರುತ್ತಿತ್ತು. ಎದೆಯೊಳಗೆ ಯಾರೋ ಹಳೆ ಬಾಗಿಲು ತೆಗೆದಂತೆ ಕೊಯ್ಯೆನ್ನುವ ಉಸಿರು.

"ಔಷಧಿ ನಾನು ಬರೀಬಹುದು, ಗಾಳಿ ಬರೆದುಕೊಡೋಕೆ ಆಗಲ್ಲ. ಕಿಟಕಿ ಇರೋ ಮನೆ ನೋಡ್ಕೊಳ್ಳಿ" ಎಂದಿದ್ದರು ಡಾಕ್ಟರು.

ಗಂಡನ ಲಾರಿಯವರು ಕೊಟ್ಟ ಪರಿಹಾರದ ಹಣವನ್ನು ತಂಗಿ ಮುಟ್ಟಿರಲಿಲ್ಲ. ಅದನ್ನು ಅವಳು ದುಡ್ಡು ಎಂದು ಕರೆಯುತ್ತಲೂ ಇರಲಿಲ್ಲ, ಗುಂಡಿಯ ಕಿಟಕಿ ಎನ್ನುತ್ತಿದ್ದಳು.

ಆ ಸಲದ ಚಳಿ ಶುರುವಾಗುವ ಹೊತ್ತಿಗೆ ಬೂದು ಕೋಟಿನವನು ಬಂದ. ಮೊದಲ ದಿನ ಒಂದು ಅಂಗಿ ತಂದು, ಅವಸರ ಇದೆ, ಇಲ್ಲೇ ಕೂತಿರುತ್ತೇನೆ ಎಂದ. ಸ್ಟೂಲಿನ ಮೇಲೆ ಮೊಣಕಾಲು ಜೋಡಿಸಿ ಕೂತು ಅವಳ ಕೈ ನೋಡುತ್ತಿದ್ದ. ಅವಳಾಗ ಚೌಕಳಿಯ ಪ್ಯಾಂಟು ಮುಗಿಸುತ್ತಿದ್ದಳು. ಜೇಬಿನಿಂದ ತೆಗೆದಿಟ್ಟಿದ್ದ ಬೀಡಿ ಕಟ್ಟನ್ನು ಮಾಮೂಲಿನಂತೆ ವಾಪಸು ಜೇಬಿಗೆ ಸೇರಿಸಿದಳು. ಅವನು ಏನೂ ಅನ್ನಲಿಲ್ಲ. ಅಂಗಿ ತೆಗೆದುಕೊಂಡು ನಮಸ್ಕಾರ ಹೇಳಿ ಹೋದ. ಮಿತಭಾಷಿ, ಒಳ್ಳೆಯ ಮನುಷ್ಯ ಎಂದುಕೊಂಡಳು.

ಆಮೇಲೆ ಅವನು ವಾರ ವಾರವೂ ಬಂದ. ಆ ಬೂದು ಕೋಟನ್ನೇ ತರುತ್ತಿದ್ದ. ಎಡ ಜೇಬಿಗೆ ಕೈ ಹಾಕಿದಾಗ ಅವಳ ಬೆರಳಿಗೆ ಮೊದಲ ಸಲ ಸಿಕ್ಕಿದ್ದು ಮಕ್ಕಳು ಬಣ್ಣ ಹಚ್ಚುವ ಕ್ರೇಯಾನ್, ಕೆಂಪಿನದು, ಅರ್ಧ ಸವೆದದ್ದು. ಸುತ್ತಿದ ಕಾಗದ ಹರಿದಿತ್ತು. ಬಿಸಿ ತಾಗಿದರೆ ಮೇಣ ಕರಗಿ ಕೋಟೇ ಹಾಳಾಗುತ್ತದೆಂದು ಅವಳು ಅದನ್ನು ಮೇಜಿನ ತಣ್ಣನೆಯ ಮೂಲೆಯಲ್ಲಿಟ್ಟಳು. ಬಲ ಜೇಬಿನಲ್ಲಿ ಒಂದು ಮಾತ್ರೆಯ ಹಾಳೆ, ಮೇಷ್ಟ್ರದ್ದೇ ಮಾತ್ರೆ, ಎದೆಯದು. ಈ ವಯಸ್ಸಿನವನಿಗೆ ಅದು ಬೇಕಿರಲಾರದು, ಮನೆಯಲ್ಲಿ ಅಮ್ಮನೋ ಅಪ್ಪನೋ ಇರಬೇಕು. ಸಂಜೆ ಕೆಲಸ ಬಿಟ್ಟು ಹೋಗುವಾಗ ಮಾತ್ರೆ ಒಯ್ಯುತ್ತಾನೆ, ಬಾಗಿಲಲ್ಲೇ ಮಗು ಓಡಿಬಂದು ಕೈಲಿದ್ದ ಕ್ರೇಯಾನನ್ನು ಅಪ್ಪನ ಜೇಬಿಗೆ ಹಾಕುತ್ತದೆ. ಇಸ್ತ್ರಿ ಅಕ್ಕ ಒಂದು ಕೋಟು ಮುಗಿಸುವಷ್ಟರಲ್ಲಿ ಒಂದು ಸಂಸಾರವನ್ನೇ ಕಟ್ಟಿ ನಿಲ್ಲಿಸಿದ್ದಳು. ಮುಂದಿನ ವಾರವೂ ಅದೇ ಕ್ರೇಯಾನ್ ಸಿಕ್ಕಿತು, ಅದರ ಮುಂದಿನ ವಾರವೂ. ಸಿಕ್ಕಾಗಲೆಲ್ಲ ಅವಳಿಗೆ ಪರಿಚಯದ ಮಗು ಎದುರಾದಂತೆ ಆಗುತ್ತಿತ್ತು. ಮಗು ಹೇಗಿದೆ ಎಂದು ಕೇಳಲು ಬಾಯಿ ತುರಿಸುತ್ತಿತ್ತು. ಕೇಳಿದರೆ ಜೇಬು ನೋಡಿದ್ದು ಒಪ್ಪಿಕೊಂಡಂತೆ. ಕೇಳಲಿಲ್ಲ.

ಒಂದು ದಿನ ಅವನೇ, ಕೋಟು ತೊಡುತ್ತ, ನೆನಪಾದವನಂತೆ ಹೇಳಿದ. "ಅಕ್ಕ, ನಮ್ಮ ಚಿಕ್ಕಪ್ಪಂದು ಒಂದು ಮನೆ ಖಾಲಿ ಇದೆ. ಅವರು ಹೊರದೇಶದಲ್ಲಿದ್ದಾರೆ. ಸಿಕ್ಕಸಿಕ್ಕವರಿಗೆ ಕೊಡೋದು ಬೇಡ ಅಂತಾರೆ. ನಿಮಗೆ ಯಾರಾದ್ರೂ ಮರ್ಯಾದಸ್ಥರು ಗೊತ್ತಿದ್ರೆ ಹೇಳಿ."

"ಕಿಟಕಿ ಇದೆಯಾ?" ಎಂದಳು ಅವಳು.

ಅವನು ಕೋಟಿನ ಕಾಲರು ಸರಿಮಾಡಿಕೊಂಡ. "ಕಿಟಕಿ ಅಂದ್ರೆ, ಎರಡು ಕಡೆಯಿಂದಲೂ ಗಾಳಿ."

ಅಕ್ಕ ತಂಗಿ ಹೋಗಿ ಮನೆ ನೋಡಿದರು. ಎರಡನೆಯ ಮಹಡಿ, ಸುಣ್ಣ ಹೊಡೆದ ಗೋಡೆ, ನೆಲದ ಮೇಲೆ ಬಿಸಿಲಿನ ಚೌಕ. ಗುಂಡಿ ಕಿಟಕಿಗೆ ಮುಖ ಒತ್ತಿ ನಿಂತು, "ದೊಡ್ಡಮ್ಮ, ಇಲ್ಲಿಂದ ನಿನ್ನ ಕಟ್ಟಡ ಕಾಣತ್ತೆ" ಎಂದಿತು. ಅಷ್ಟು ಹೊತ್ತೂ ಕೆಮ್ಮಿರಲಿಲ್ಲ. ಬೂದು ಕೋಟಿನವನು ಬಾಗಿಲ ಹತ್ತಿರವೇ ನಿಂತಿದ್ದ, ಒತ್ತಾಯ ಮಾಡಲಿಲ್ಲ. ಬಾಡಿಗೆ ಬೇರೆ ಮನೆಗಳಿಗಿಂತ ಕಡಿಮೆ, ಆದರೆ ಎರಡು ವರ್ಷದ್ದನ್ನು ಮೊದಲೇ ಕೊಡಬೇಕು, ಚಿಕ್ಕಪ್ಪ ಪದೇ ಪದೇ ಬರೋಕಾಗಲ್ಲವಲ್ಲ, ಎಂದ.

ಮೆಟ್ಟಿಲಿಳಿಯುವಾಗ ತಂಗಿ ತೋಳು ಹಿಡಿದಳು. "ಅಕ್ಕ, ಇರೋದೆಲ್ಲ ಅದಕ್ಕೇ ಹೋಗತ್ತೆ. ಈ ಮನುಷ್ಯ ಹ್ಯಾಗೆ? ನೀನು ಬಲ್ಲೆಯಾ?"

"ಬಲ್ಲೆ."

"ಏನು ಬಲ್ಲೆ? ಎಲ್ಲಿಯವನು, ಏನು ಕೆಲಸ, ಏನಾದ್ರೂ ಮಾತಾಡಿದ್ದೀಯಾ?"

"ಮಾತು ಯಾರು ಬೇಕಾದ್ರೂ ಆಡ್ತಾರೆ ಕಣೆ. ಮನೇಲಿ ಮಗು ಇರೋ ಮನುಷ್ಯ. ಹಿರಿಯರನ್ನ ನೋಡ್ಕೊಳ್ಳೋನು. ಇಷ್ಟು ವರ್ಷ ಊರಿನ ಬಟ್ಟೆಯೆಲ್ಲ ನನ್ನ ಕೈಮೇಲೆ ಹೋಗಿದೆ, ಮನುಷ್ಯರು ಗೊತ್ತಾಗಲ್ವಾ ನಂಗೆ?"

"ನೀನು ಹೇಳಿದ್ರೆ ಆಯ್ತು ಬಿಡು" ಎಂದಳು ತಂಗಿ. ಆಗ ಅವಳ ಮುಖದಲ್ಲಿ ಗಂಡ ಸತ್ತ ಮೇಲೆ ಕಾಣದ ಒಂದು ಹಗುರ ಕಂಡಿತು. ಆ ಹಗುರವನ್ನು ತಾನೇ ತಂದುಕೊಟ್ಟೆನೆಂದು ಅಕ್ಕನಿಗೆ ದಾರಿಯುದ್ದಕ್ಕೂ ಒಳಗೊಳಗೇ ಹೆಮ್ಮೆ.

ಹಣ ಕೊಟ್ಟಾಯಿತು, ಬೀಗದ ಕೈ ಬಂತು. ತಿಂಗಳ ಕೊನೆಗೆ ಒಳಗೆ ಬನ್ನಿ, ಅಷ್ಟರಲ್ಲಿ ನಲ್ಲಿ ರಿಪೇರಿ ಮಾಡಿಸುತ್ತೇನೆ ಎಂದ. ತಂಗಿ ಬೇಕರಿಯ ಕೋಣೆ ಬಿಡುತ್ತೇನೆಂದು ಹೇಳಿದಳು. ಯಜಮಾನ ಅದನ್ನು ಹೊಸದಾಗಿ ಸೇರಿದ ಒಲೆಯವನಿಗೆ ಕೊಟ್ಟ. ಬೂದು ಕೋಟಿನವನು ಕೊನೆಯ ಸಲ ಅಂಗಡಿಗೆ ಬಂದು ಕೋಟನ್ನು ಬಿಚ್ಚಿ ಮೇಜಿನ ಮೇಲಿಟ್ಟ. "ಅವಸರ ಇಲ್ಲಕ್ಕ. ನಿಧಾನವಾಗಿ ಮಾಡಿಡಿ, ಬಂದು ತಗೋತೀನಿ." ಚಳಿಯಲ್ಲಿ ಕೋಟಿಲ್ಲದೆ ಹೋಗುತ್ತಿದ್ದವನನ್ನು ನೋಡಿ ಅವಳಿಗೆ ಪಾಪ ಅನ್ನಿಸಿತು.

ಮನೆ ಬದಲಿಸುವ ದಿನ ಬೇಕರಿಯ ಕೈಗಾಡಿಯಲ್ಲೇ ಸಾಮಾನು ಹೇರಿಕೊಂಡು ಹೊರಟರು. ಹಾಸಿಗೆ ಸುರುಳಿಯ ಮೇಲೆ ಗುಂಡಿ ಕೂತಿತ್ತು. ಆ ಮನೆಯ ಗೇಟಿನ ಮುಂದೆ ಆಗಲೇ ಒಂದು ಸಣ್ಣ ಲಗೇಜು ವ್ಯಾನು ನಿಂತಿತ್ತು. ಹೊಸದಾಗಿ ಮದುವೆಯಾದಂತೆ ಕಾಣುವ ಗಂಡ ಹೆಂಡತಿ ಬೀರು ಇಳಿಸುತ್ತಿದ್ದರು.

"ನೀವೂ ಇದೇ ಕಟ್ಟಡಕ್ಕಾ?" ಎಂದಳು ತಂಗಿ, ನೆರೆಯವರು ಸಿಕ್ಕ ಖುಷಿಯಲ್ಲಿ.

"ಹೌದು. ಎರಡನೇ ಮಹಡಿ."

"ನಾವೂ ಎರಡನೇ ಮಹಡಿನೇ."

"ಅದು ಹ್ಯಾಗೆ? ಮಹಡಿಗೆ ಒಂದೇ ಮನೆಯಲ್ವಾ?" ಎಂದ ಹುಡುಗ. ಮಾತು ಮುಗಿಸುವಷ್ಟರಲ್ಲಿ ಅವನ ಕೈ ತನ್ನಷ್ಟಕ್ಕೇ ಜೇಬಿಗೆ ಹೋಗಿ ಬೀಗದ ಕೈ ತೆಗೆಯಿತು. ತಂಗಿಯೂ ಸೊಂಟದಿಂದ ತನ್ನದನ್ನು ತೆಗೆದಳು. ಎರಡೂ ಹೊಸದಾಗಿ ಮಾಡಿಸಿದ್ದು, ಒಂದೇ ಹೊಳಪು, ಒಂದೇ ಹಲ್ಲು.

"ಏನೋ ತಪ್ಪಾಗಿರತ್ತೆ. ಅವನ ಕೋಟು ನನ್ನ ಹತ್ರಾನೇ ಇದೆ. ಎಲ್ಲಿಗೆ ಹೋಗ್ತಾನೆ?" ಎಂದಳು ಇಸ್ತ್ರಿ ಅಕ್ಕ. ಯಾರೂ ಅವಳನ್ನು ಕೇಳಿರಲಿಲ್ಲ.

ಮೇಲೆ ಹೋದರು. ತಂಗಿ ಬೀಗದ ಕೈ ತಿರುಗಿಸಿದಳು, ಬೀಗ ಬೆಣ್ಣೆಯಂತೆ ತೆರೆಯಿತು. ಒಳಗೆ ತಲೆಗೆ ಬಟ್ಟೆ ಕಟ್ಟಿಕೊಂಡ ಹೆಂಗಸೊಬ್ಬಳು ನೆಲ ಒರೆಸುತ್ತಿದ್ದಳು. ಮನೆಯ ಒಡತಿ. ಬಾಗಿಲಲ್ಲಿ ಇಷ್ಟು ಜನರನ್ನು ನೋಡಿ ಒದ್ದೆ ಬಟ್ಟೆ ಹಿಡಿದೇ ಎದ್ದಳು. ಒಂದು ತಿಂಗಳ ಮಟ್ಟಿಗೆ ಅಂತ ಒಬ್ಬರಿಗೆ ಕೊಟ್ಟಿದ್ದೆ, ನಿನ್ನೆ ಖಾಲಿ ಮಾಡಿಕೊಂಡು ಹೋದರು, ಒಳ್ಳೆಯ ಜನ, ಗೋಡೆಗೆ ಒಂದು ಮೊಳೆ ಸಹ ಹೊಡೆದಿಲ್ಲ, ನೀವೆಲ್ಲ ಯಾರು, ಎಂದಳು. ಅವಳು ಮಾತಾಡುತ್ತಿರುವಾಗಲೇ ಗುಂಡಿ ಎಲ್ಲರ ಕಾಲ ಸಂದಿಯಿಂದ ನುಸುಳಿ ಒದ್ದೆ ನೆಲದ ಮೇಲೆ ಹೆಜ್ಜೆ ಮೂಡಿಸುತ್ತ ಹೋಗಿ ಕಿಟಕಿ ಹಿಡಿದು ನಿಂತಿತು. ಅದನ್ನು ಅಲ್ಲಿಂದ ಬಿಡಿಸಿ ತರಲು ತಂಗಿ ಬೆರಳುಗಳನ್ನು ಒಂದೊಂದಾಗಿ ಸರಳಿನಿಂದ ತೆಗೆಯಬೇಕಾಯಿತು. ಕೆಳಗೆ ಇಳಿಯುವಾಗ ಮೂರನೆಯ ಕುಟುಂಬ, ತಲೆಯ ಮೇಲೆ ಪಾತ್ರೆಗಂಟು ಹೊತ್ತು, ನಗುತ್ತ ಹತ್ತಿ ಬರುತ್ತಿತ್ತು.

ಪೊಲೀಸ್ ಠಾಣೆಯ ಬೆಂಚಿನಲ್ಲಿ ಜಾಗವಿರಲಿಲ್ಲ. ಅಲ್ಲಿ ಕೂತವರದ್ದೆಲ್ಲ ಒಂದೇ ತರಹದ ಮುಖ, ಕೈ ಮಡಿಲಲ್ಲಿ, ಕಣ್ಣು ನೆಲದಲ್ಲಿ. ನಿವೃತ್ತ ಗುಮಾಸ್ತರೊಬ್ಬರು ಬ್ಯಾಂಕಿನವರೆಂದು ಫೋನು ಮಾಡಿದವನಿಗೆ ತಮ್ಮ ಫೋನಿಗೆ ಬಂದ ಅಂಕಿಗಳನ್ನು ಓದಿ ಹೇಳಿದ್ದರು. ಹಡಗಿನಲ್ಲಿ ಕೆಲಸ ಕೊಡಿಸುತ್ತೇವೆಂದವರನ್ನು ನಂಬಿದ ಒಬ್ಬಳು ಹುಡುಗಿ ಪೆಟ್ಟಿಗೆ ಸಮೇತ ಬಂದಿದ್ದಳು, ಮನೆಗೆ ಇನ್ನೂ ಹೇಳಿರಲಿಲ್ಲ. ಮೂಲೆಯಲ್ಲಿ ಕೂತ ಹೆಂಗಸು ಗಂಡನಿಗೆ ಸಕ್ಕರೆ ಕಾಯಿಲೆಯ ಮಾತ್ರೆ ಅರ್ಧ ಬೆಲೆಗೆ ಸಿಗುತ್ತದೆಂದು ತಿಂಗಳುಗಟ್ಟಲೆ ಕೊಂಡು ನುಂಗಿಸಿದ್ದಳು. ಈಗ ಅವನ ಕಾಲಿನ ಬೆರಳು ತೆಗೆಯಬೇಕಂತೆ. ದುಡ್ಡಿನ ಮಾತು ಅವಳು ಎತ್ತಲೇ ಇಲ್ಲ. "ನಾನೇ ನುಂಗಿಸಿದ್ದು, ನೀರು ಕೊಟ್ಟು ನಾನೇ ನುಂಗಿಸಿದ್ದು" ಎಂದಷ್ಟೇ ಹೇಳುತ್ತಿದ್ದಳು.

ಗುಮಾಸ್ತರು ಸರಿದು ತಂಗಿಗೆ ಜಾಗ ಮಾಡಿಕೊಟ್ಟರು. "ಕೂತ್ಕೊಳ್ಳಮ್ಮ. ನಾಚ್ಕೋಬೇಡ. ಇಲ್ಲಿ ಕೂತವರೆಲ್ಲ ಬುದ್ಧಿವಂತರೇ. ದಡ್ಡರಿಗೆ ಟೋಪಿ ಬಿದ್ದಿದ್ದು ಇನ್ನೂ ಗೊತ್ತಾಗಿಲ್ಲ, ಅವರು ಮನೇಲಿ ಆರಾಮಾಗಿದ್ದಾರೆ."

ಯಾರೋ ಮೂಗಿನಲ್ಲೇ ನಕ್ಕರು. ತಂಗಿ ನಗಲಿಲ್ಲ.

ಪೊಲೀಸಿನವನು ಕೆಟ್ಟವನಲ್ಲ, ದಣಿದವನು. ಇಸ್ತ್ರಿ ಅಕ್ಕನನ್ನು ಎದುರಿಗೆ ಕೂರಿಸಿಕೊಂಡ.

"ನಿಮಗೆ ಪರಿಚಯದವನು ಅಂದ್ರಲ್ಲ. ಏನಂತ ಹೇಳ್ಕೊಂಡಿದ್ದ? ಕೆಲಸ ಎಲ್ಲಿ, ಮನೆ ಎಲ್ಲಿ?"

"ಏನೂ ಹೇಳಿರಲಿಲ್ಲ ಸಾರ್."

"ಮತ್ತೆ ಹ್ಯಾಗೆ ನಂಬಿದ್ರಿ?"

ಅಮ್ಮ ತುಟಿಗೆ ಹಾಕಿದ್ದ ಬೀಗವನ್ನು ಅವಳು ಮೊದಲ ಸಲ ಅಲ್ಲಿ ತೆಗೆದಳು, ಅಪರಿಚಿತರ ನಡುವೆ, ತಂಗಿ ಕೇಳುವ ಹಾಗೆ. ಜೇಬಿಗೆ ಕೈ ಹಾಕಲೇಬೇಕಾದದ್ದು, ಕ್ರೇಯಾನ್, ಮಾತ್ರೆಯ ಹಾಳೆ ಎಲ್ಲ ಹೇಳಿದಳು.

ಪೊಲೀಸಿನವನು ಪೆನ್ನು ಕೆಳಗಿಟ್ಟ. "ಅಂದ್ರೆ ಮಗು ಇದೆ ಅಂತ ಅವನು ಹೇಳಲಿಲ್ಲ. ನೀವೇ ತಿಳ್ಕೊಂಡ್ರಿ."

"ಹೌದು."

"ಮಗು ಇದೆ ಅಂತ ಅವನು ಸುಳ್ಳು ಹೇಳಿದ್ದಿದ್ರೆ ಬರ್ಕೋಬಹುದಿತ್ತಮ್ಮ. ಜೇಬಲ್ಲಿ ಕ್ರೇಯಾನ್ ಇಟ್ಕೊಂಡಿದ್ದ ಅಂತ ಏನು ಬರೀಲಿ ನಾನು?"

ತಂಗಿ ಮೆಲ್ಲಗೆ ತಿರುಗಿ ನೋಡಿದಳು. "ಇಷ್ಟೇನಾ ಅಕ್ಕ, ನೀನು ಬಲ್ಲೆ ಅಂದಿದ್ದು?"

ಅದೊಂದೇ ಮಾತು. ಆಮೇಲೆ ಅವಳು ಎಂದೂ ಅದರ ಪ್ರಸ್ತಾಪ ಎತ್ತಲಿಲ್ಲ. ಎತ್ತಿ ಬೈದಿದ್ದರೆ, ಕೂಗಾಡಿದ್ದರೆ, ಕೈಗೆ ಸಿಕ್ಕಿದ್ದನ್ನು ಎಸೆದಿದ್ದರೆ ಅಕ್ಕನಿಗೆ ಒಂದಿಷ್ಟು ಉಸಿರಾಡಲು ಆಗುತ್ತಿತ್ತು.

ಬೇಕರಿಯ ಕೋಣೆಯಲ್ಲಿ ಒಲೆಯವನ ಸಂಸಾರ ಸೇರಿಕೊಂಡಿತ್ತು. ಕೈಗಾಡಿ ಬಂದು ನಿಂತದ್ದು ಮೆಟ್ಟಿಲ ಕೆಳಗಿನ ಅಂಗಡಿಯ ಮುಂದೆಯೇ. ಸಾಮಾನು ಇಳಿಸಿ, ತಂಗಿ ಮಗಳನ್ನು ಮಲಗಿಸಿದ ಮೇಲೆ ಇಸ್ತ್ರಿ ಅಕ್ಕ ಸರಳಿನಿಂದ ಬೂದು ಕೋಟನ್ನು ತೆಗೆದು ಮೇಜಿನ ಮೇಲೆ ಹರಡಿ ಎಡ ಜೇಬಿಗೆ ಕೈ ಹಾಕಿದಳು. ಕ್ರೇಯಾನ್ ಇತ್ತು. ಬೆಳಕಿಗೆ ಹಿಡಿದಳು. ಅದೇ ಉದ್ದ. ಮೊದಲ ವಾರ ಎಷ್ಟಿತ್ತೋ ಅಷ್ಟೇ. ಹರಿದ ಕಾಗದದ ಅಂಚೂ ಅದೇ, ಒಂದೇ ಎಳೆತಕ್ಕೆ ಉಗುರಿನಿಂದ ಸೀಳಿದ್ದು. ಮಗುವಿನ ಕೈಯಲ್ಲಿದ್ದ ಕ್ರೇಯಾನ್ ವಾರಕ್ಕೆ ಉಗುರಿನಷ್ಟಾದರೂ ಸವೆಯುತ್ತದೆ, ಮುರಿಯುತ್ತದೆ, ಕಚ್ಚಿದ ಗುರುತಾಗುತ್ತದೆ, ಒಂದು ದಿನ ಕೆಂಪು ಹೋಗಿ ಹಸಿರು ಬರುತ್ತದೆ. ಮಾತ್ರೆಯ ಹಾಳೆಯಲ್ಲೂ ಮೊದಲು ಖಾಲಿಯಾಗಿದ್ದ ಗೂಡುಗಳೇ ಖಾಲಿ, ತುಂಬಿದ್ದವೇ ತುಂಬಿದ್ದವು. ಚಳಿಗಾಲವಿಡೀ ಯಾವ ಹಿರಿಯರ ಎದೆಯೂ ನೊಂದಿರಲಿಲ್ಲ. ಕಾಲರಿನ ಮೇಲಿನ ಎಣ್ಣೆಯ ಚುಕ್ಕೆಯನ್ನು ಮೂರು ಮಾರು ದೂರದಿಂದ ಕಾಣುವ ಕಣ್ಣು ಅವಳದು. ಆ ಕಣ್ಣಿನ ಮುಂದೆಯೇ ಈ ತುಂಡು ವಾರ ವಾರವೂ ಹಾದು ಹೋಗಿತ್ತು. ಪ್ರತಿ ಸಲವೂ ಅವಳೇ ಜೋಪಾನವಾಗಿ ಬಿಸಿ ತಾಗದಂತೆ ಎತ್ತಿಟ್ಟು ಅವನಿಗೆ ವಾಪಸು ಕೊಟ್ಟಿದ್ದಳು.

ಮೊದಲ ದಿನ ಸ್ಟೂಲಿನ ಮೇಲೆ ಕೂತು ಅವಳ ಕೈಯನ್ನೇ ನೋಡುತ್ತಿದ್ದ ಆ ಮುಖ ನೆನಪಾಯಿತು. ಅವಸರ ಅಂದಿದ್ದ. ಅವಸರವಿದ್ದವನು ಗಡಿಯಾರ ನೋಡುತ್ತಾನೆ.

ಠಾಣೆಯಲ್ಲಿ ಆಡಿದ ಮಾತು ಕಟ್ಟಡಕ್ಕೆ ಹೇಗೆ ಬಂತೋ, ಬಂತು. ಇಸ್ತ್ರಿಯವಳು ಜೇಬು ನೋಡಿ ಜನರ ಜಾತಕ ಬರೆಯುತ್ತಾಳಂತೆ. ಯಾರೂ ಮುಖಕ್ಕೆ ಹೇಳಲಿಲ್ಲ. ಬಟ್ಟೆಗಳು ಹೇಳಿದವು. ಚೌಕಳಿಯ ಪ್ಯಾಂಟು ಎರಡೂ ಜೇಬಿನ ಒಳಬಟ್ಟೆ ಹೊರಗೆಳೆದುಕೊಂಡು ಬಂತು. ನರ್ಸಮ್ಮನ ಸಮವಸ್ತ್ರವೂ ಹಾಗೆಯೇ ಬಂತು, ಆಮೇಲೆ ಬರುವುದೇ ನಿಂತಿತು. ದಿನವಿಡೀ ಅವಳ ಮೇಜಿನ ಮೇಲೆ ಬಿಳಿ ಬಿಳಿ ಜೇಬುಗಳು ನಾಲಿಗೆ ಚಾಚಿಕೊಂಡು ಮಲಗಿರುತ್ತಿದ್ದವು. ಅವನ್ನು ಒಳಗೆ ತಳ್ಳಿ ಇಸ್ತ್ರಿ ಮಾಡುತ್ತಿದ್ದಳು.

ಚೌಕಳಿ ಒಮ್ಮೆ ತಡೆಯಲಾರದೆ ಕೇಳಿದ. "ಅಕ್ಕ, ನನ್ನ ಬೀಡಿ ವಿಷಯ ನಮ್ಮವಳಿಗೆ ಹೇಳಿಲ್ಲ ತಾನೆ?"

"ಹೇಳೋಳಾಗಿದ್ರೆ ಇಷ್ಟು ಹೊತ್ತಿಗೆ ನೀನು ಬಸ್ಸಲ್ಲೇ ಮಲಗ್ತಿದ್ದೆ" ಎಂದಳು. ಅವನು ನಕ್ಕ. ಮುಂಚಿನ ನಗೆಯಲ್ಲ.

ಪರದೆಯ ಹಿಂದೆ ಗುಂಡಿಯ ಕೆಮ್ಮು ಹೆಚ್ಚಾಯಿತು. ಅಲ್ಲಿ ಹಿಟ್ಟಿನ ಧೂಳು, ಇಲ್ಲಿ ಹಬೆ. ಒದ್ದೆ ಬಟ್ಟೆಯ ಬಿಸಿ ವಾಸನೆ ಕೋಣೆಯಲ್ಲಿ ಗಂಟುಕಟ್ಟಿ ನಿಲ್ಲುತ್ತಿತ್ತು, ಗೋಡೆ ಬೆವರುತ್ತಿತ್ತು. ಅಕ್ಕ ಹಬೆಯ ಗುಂಡಿ ಒತ್ತುವುದನ್ನೇ ಬಿಟ್ಟು ಒಣ ಇಸ್ತ್ರಿ ಹಾಕತೊಡಗಿದಳು. ಮೈಭಾರವನ್ನೆಲ್ಲ ತೋಳಿಗೆ ಹಾಕಿ ಒತ್ತಿದರೂ ಗೆರೆ ಅಷ್ಟಕ್ಕಷ್ಟೆ. ಕೆಲಸ ನಿಧಾನವಾಯಿತು, ಗಿರಾಕಿಗಳು ಮುಂದಿನ ಬೀದಿಯ ಅಂಗಡಿ ಹುಡುಕಿಕೊಂಡರು. ಹೊಸದಾಗಿ ಮನೆ ಹಿಡಿಯುವ ಮಾತೇ ಇರಲಿಲ್ಲ. ತಂಗಿ ಬೆಳಗ್ಗೆ ಬೇಕರಿಗೆ ಹೋಗುತ್ತಿದ್ದಳು, ಸಂಜೆ ಬಂದು ಮಗಳ ಬೆನ್ನು ನೀವುತ್ತ ಕೂರುತ್ತಿದ್ದಳು.

ಮೇಷ್ಟ್ರು ಮಾತ್ರ ಮೊದಲಿನಂತೆಯೇ ಪ್ಯಾಂಟು ತಂದು ಕೊಡುತ್ತಿದ್ದರು. ಜೇಬು ತಿರುವಿರುತ್ತಿರಲಿಲ್ಲ. ಒಂದು ಸಂಜೆ ಕೊಟ್ಟು ಹೋಗುವವರು ಕೆಮ್ಮು ಕೇಳಿ ನಿಂತರು. ಪರದೆಯ ಸಂದಿಯಿಂದ ಮಗುವನ್ನು ನೋಡಿದರು.

"ನೋಡಮ್ಮ" ಎಂದರು ತಂಗಿಗೆ. "ಮೇಲೆ ನನ್ನ ಮನೆಗೊಂದು ಬಾಲ್ಕನಿ ಇದೆ. ಬಿಸಿಲು ಬರತ್ತೆ, ಗಾಳಿಗಂತೂ ಬರವಿಲ್ಲ. ನಾನೊಬ್ಬನೇ. ಇಸ್ತ್ರಿ ನಡೆಯೋ ಹೊತ್ತಲ್ಲಿ ಮಗು ಅಲ್ಲಿ ಬಂದು ಕೂತಿರಲಿ. ಹಬೆ ಬಿಟ್ಟು ನಿನ್ನ ಅಕ್ಕ ಎಷ್ಟು ದಿನ ಹೀಗೆ ತೋಳು ಮುರ್ಕೊಳ್ತಾಳೆ?"

ತಂಗಿ ಎದ್ದು ನಿಂತಳು. ಬೇಕು ಎನ್ನುವುದು ಅವಳ ಮುಖದಲ್ಲಿ ಒಮ್ಮೆ ಮೂಡಿತು. ಆಮೇಲೆ ಅವಳು ಅಕ್ಕನ ಕಡೆ ತಿರುಗಿದಳು.

"ನೀನೇನಂತೀಯ ಅಕ್ಕ? ಇವರನ್ನ ನೀನು ಬಲ್ಲೆಯಲ್ಲ?"

ದನಿಯಲ್ಲಿ ಚುಚ್ಚು ಇರಲಿಲ್ಲ. ನಿಜವಾಗಿ ಕೇಳಿದಳು. ಇಸ್ತ್ರಿ ಅಕ್ಕನಿಗೆ ಮೇಷ್ಟ್ರ ಜೇಬು ತನ್ನ ಅಂಗೈಯಷ್ಟು ಪರಿಚಯ. ಅವರ ಸೀಮೆಸುಣ್ಣ ಸವೆಯುತ್ತಿತ್ತು, ಬಿಳಿ ಹೋಗಿ ಹಳದಿ ಬರುತ್ತಿತ್ತು. ಅವರ ಮಾತ್ರೆ ಒಂದೊಂದಾಗಿ ಖಾಲಿಯಾಗುತ್ತಿತ್ತು. ಬಲ್ಲೆ ಎಂದು ಒಂದು ಮಾತು ಅಂದರೆ ಸಾಕಿತ್ತು. ತುಟಿ ತೆರೆದಳು. ಆಮೇಲೆ ಮೇಜಿನ ಬಟ್ಟೆಯ ಸುಕ್ಕನ್ನು ಅಂಗೈಯಿಂದ ತೀಡತೊಡಗಿದಳು.

ಮೇಷ್ಟ್ರು ಅಷ್ಟು ಹೊತ್ತು ಕಾದರು. ಪಾಠ ಗೊತ್ತಿದ್ದೂ ಎದ್ದುನಿಂತು ತಡವರಿಸುವವರನ್ನು ಬಹಳ ಮಂದಿಯನ್ನು ನೋಡಿದವರು. "ಯೋಚನೆ ಮಾಡಿ, ಅವಸರ ಇಲ್ಲ" ಎಂದು ಕಂಬಿ ಹಿಡಿದು ಮೆಟ್ಟಿಲು ಹತ್ತಿದರು.

ಅವಸರ ಇಲ್ಲ ಎನ್ನುವ ಮಾತು ಇಸ್ತ್ರಿ ಅಕ್ಕನ ಕಿವಿಯಲ್ಲಿ ಬೇರೊಬ್ಬನ ದನಿಯಲ್ಲಿ ಕೇಳಿಸಿತು.

ಮರುದಿನ ಪ್ಯಾಂಟು ತೆಗೆದುಕೊಂಡು ಅವಳೇ ಮೇಲೆ ಹೋದಳು. ಇಷ್ಟು ವರ್ಷದಲ್ಲಿ ಹೊಸ್ತಿಲು ದಾಟಿದವಳಲ್ಲ, ಈಗಲೂ ದಾಟಲಿಲ್ಲ. ಅಲ್ಲಿಂದಲೇ ಬಾಲ್ಕನಿ ಕಾಣುತ್ತಿತ್ತು, ಎರಡು ಕುರ್ಚಿ, ಒಂದರ ಮೇಲೆ ಧೂಳು. ಬಿಸಿಲು ನಿಜವಾಗಿಯೂ ಇತ್ತು.

"ಮೇಷ್ಟ್ರೇ, ಒಂದು ಕೇಳಲಾ? ಕೆಲಸ ಬಿಟ್ಟು ಎಷ್ಟೋ ಕಾಲ ಆಯ್ತು. ನಿಮ್ಮ ಜೇಬಲ್ಲಿ ಸೀಮೆಸುಣ್ಣ ಯಾಕಿರತ್ತೆ?"

ಮೇಷ್ಟ್ರು ಪ್ಯಾಂಟನ್ನು ಕೈಗೆ ತೆಗೆದುಕೊಂಡರು. ಸ್ವಲ್ಪ ಹೊತ್ತು ಅದರ ಗೆರೆಯನ್ನೇ ನೋಡಿದರು.

"ಸಂಜೆ ಪಾರ್ಕಿಗೆ ಹೋಗ್ತೀನಲ್ಲ. ಅಲ್ಲಿ ಮಕ್ಕಳು ಕುಂಟೆಬಿಲ್ಲೆ ಆಡ್ತಾರೆ, ಅವಕ್ಕೆ ನೆಟ್ಟಗೆ ಗೆರೆ ಎಳೆಯೋಕೆ ಬರಲ್ಲ. ಆಟದ ಮನೆ ಬರೆದುಕೊಡ್ತೀನಿ." ಆಮೇಲೆ ಮೆಲ್ಲಗೆ ಸೇರಿಸಿದರು. "ಇಷ್ಟು ವರ್ಷ ಜೇಬು ನೋಡಿದೆ ನೀನು, ಕೇಳಲಿಲ್ಲ. ಈಗ ಕೇಳ್ತಿದ್ದೀಯ. ಕೇಳೋದರಲ್ಲಿ ತಪ್ಪಿಲ್ಲಮ್ಮ."

ಅವರ ಮುಖದಲ್ಲಿ ಕೋಪವಿರಲಿಲ್ಲ. ಅವಳು ಕೈ ಮುಗಿದು ಇಳಿದಳು. ಉತ್ತರ ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತೆಂದರೆ, ಮೊದಲ ಮಹಡಿಗೆ ಬರುವಷ್ಟರಲ್ಲಿ ಅವಳು ಅದನ್ನು ಬೆಳಕಿಗೆ ಹಿಡಿದು ನೋಡತೊಡಗಿದ್ದಳು. ಯಾವ ಪಾರ್ಕು, ಯಾರ ಮಕ್ಕಳು, ನೋಡಿದವರು ಯಾರು. ಜೇಬಿನಲ್ಲಿ ಸಿಕ್ಕಿದ್ದರಿಂದ ಮತ್ತೆ ಒಂದು ಮಗುವೇ ಎದ್ದು ಬಂದಿತ್ತಲ್ಲ. ಛೇ, ಎಂಥ ಮನುಷ್ಯನ ಬಗ್ಗೆ ಎಂಥ ಯೋಚನೆ ಎಂದು ನಾಲಿಗೆ ಕಚ್ಚಿಕೊಂಡಳು. ಯೋಚನೆ ಹೋಗಲಿಲ್ಲ.

ತಂಗಿ ಕೆಲಸಕ್ಕೆ ಹೊರಡಲು ನಿಂತಿದ್ದಳು. "ಕೇಳಿದೆಯಾ?"

"ಕೇಳಿದೆ."

"ಏನಂದ್ರು?"

"ಮಕ್ಕಳಿಗೆ ಆಟಕ್ಕೆ ಗೆರೆ ಹಾಕಿಕೊಡ್ತಾರಂತೆ."

"ನಂಬ್ತೀಯಾ?"

ಇಸ್ತ್ರಿ ಅಕ್ಕ ಪೆಟ್ಟಿಗೆಯ ಬಿಸಿ ನೋಡಲು ಬೆರಳಿಗೆ ನೀರು ಹಚ್ಚಿ ಮುಟ್ಟಿದಳು. ಚುಯ್ಯೆಂದಿತು. ತಂಗಿ ಉತ್ತರಕ್ಕೆ ಕಾದು, ಅಕ್ಕನ ಬೆನ್ನನ್ನು ನೋಡಿ, "ಹಾಗಾದ್ರೆ ಬೇಡ ಬಿಡು" ಎಂದು ಹೊರಟುಹೋದಳು.

ಮುಂದಿನ ವಾರ ಮೇಷ್ಟ್ರ ಪ್ಯಾಂಟು ಬಂತು. ಸ್ಟೂಲಿನ ಮೇಲೆ ಇಟ್ಟು, ಮಗುವಿನ ಕಡೆ ನೋಡದೆ, ನಮಸ್ಕಾರ ಹೇಳಿ ಹೋದರು. ಮಡಿಕೆ ಬಿಚ್ಚಿದಳು. ಎರಡೂ ಜೇಬುಗಳನ್ನು ಹೊರಗೆ ತಿರುವಿದ್ದರು, ಅವರ ಎಲ್ಲ ಕೆಲಸದಂತೆ ಅಚ್ಚುಕಟ್ಟಾಗಿ. ಹೊಲಿಗೆಯ ಸಂದಿಯಲ್ಲಿ ಒದರಿದರೂ ಹೋಗದ ಸುಣ್ಣದ ಪುಡಿ ಉಳಿದಿತ್ತು.

ಅವಳು ಅದನ್ನು ಬೆರಳಿನಿಂದ ಒರೆಸಲು ನೋಡಿದಳು, ಬೆರಳು ಬೆಳ್ಳಗಾಯಿತು. ಜೇಬನ್ನು ಒಳಗೆ ತಳ್ಳಿ, ಪ್ಯಾಂಟನ್ನು ಮೇಜಿನ ಮೇಲೆ ನೇರ ಮಾಡಿ, ಒಣ ಪೆಟ್ಟಿಗೆಯನ್ನು ಎರಡೂ ಕೈಯಿಂದ ಒತ್ತಿದಳು. ಪರದೆಯ ಹಿಂದೆ ಗುಂಡಿ ಕೆಮ್ಮತೊಡಗಿತು.